ಟೈಲರಿಂಗ್ ಟೀಚರ ಹಾರ್ಡ್ ಡಿಸ್ಕ್

ನನ್ನನ್ನು ಕೆಲಸದಿಂದ ತೆಗೆದದ್ದು ಒಂದು ಗುರುವಾರ ಮಧ್ಯಾಹ್ನ, ಅಂಗಡಿ ತುಂಬ ಗಿರಾಕಿಗಳಿದ್ದಾಗ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶಿವಮೊಗ್ಗದ ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ನಾನು ಅಲ್ಲಿ ಸೇರಿ ಎರಡು ವರ್ಷವಾಗಿತ್ತು. ಭದ್ರಾವತಿಯ ನ್ಯೂ ಟೌನಿನ ನಮ್ಮ ಕ್ವಾರ್ಟರ್ಸಿನಿಂದ ದಿನಾ ಬೆಳಿಗ್ಗೆ ಎಂಟೂವರೆಯ ಬಸ್ಸು ಹಿಡಿದು ಹೋಗುತ್ತಿದ್ದೆ. ಅಪ್ಪ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್. ಮಗಳು ಕಂಪ್ಯೂಟರ್ ಬಿಚ್ಚಿ ಜೋಡಿಸುತ್ತಾಳೆ ಎಂದು ಶಿಫ್ಟಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡಿದ್ದರು.

ಅಂಗಡಿಯ ಮಾಲೀಕನೇ ಅಲ್ಲಿನ ಮುಖ್ಯ ಇಂಜಿನಿಯರ್. ಆಗ ಅವನನ್ನು ಸರ್ ಎನ್ನುತ್ತಿದ್ದೆ. ಈಗ ಇದನ್ನು ಬರೆಯುವಾಗ ಗೌರವದ ಬಹುವಚನ ಹಾಕಲು ಎರಡು ಸಲ ನೋಡಿದೆ, ಕೈ ಬರಲಿಲ್ಲ. ಕೆಲಸದಲ್ಲಿ ಅವನು ಚುರುಕು, ಅದನ್ನು ಇಲ್ಲವೆನ್ನುವುದಿಲ್ಲ. ತಾಳ್ಮೆ ಮಾತ್ರ ಇರಲಿಲ್ಲ. ಸ್ಟಾರ್ಟ್ ಆಗದ ಕಂಪ್ಯೂಟರ್ ಬಂದರೆ ಕಾರಣ ಹುಡುಕುತ್ತ ಕೂರುವ ಬದಲು ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಅಂದರೆ ಒಳಗಿದ್ದದ್ದನ್ನೆಲ್ಲ ಒರೆಸಿ, ಹೊಸದಾಗಿ ವಿಂಡೋಸ್ ತುಂಬಿ ಕೊಟ್ಟುಬಿಡುವುದು ಅವನ ರೂಢಿ. ಒಳಗೇನಿದೆ ಎಂದು ಗಿರಾಕಿಯನ್ನು ಕೇಳುವುದು ನನ್ನ ಕೆಲಸ. ನಾನು ಕೇಳಿ, ಚೀಟಿಯಲ್ಲಿ ಬರೆದು, ಕಂಪ್ಯೂಟರಿನ ತಲೆಗೆ ಅಂಟಿಸುತ್ತಿದ್ದೆ.

ಆ ವಾರ ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್. ಸೋಮವಾರದಿಂದ ಬುಧವಾರದವರೆಗೆ ರಜೆ ಹಾಕಿ ನಾನು ಭದ್ರಾವತಿಯಲ್ಲೇ ಉಳಿದೆ. ಗುರುವಾರ ಅಂಗಡಿಗೆ ಹೋದಾಗ ನನ್ನ ಮೇಜಿನ ಮೇಲೆ ರಿಪೇರಿಗೆ ಹೊಸದಾಗಿ ಬಂದ ಒಂದು ಕಂಪ್ಯೂಟರ್ ಇತ್ತು. ಚೀಟಿ ಇರಲಿಲ್ಲ. ಸೋಮವಾರ ಟೈಲರಿಂಗ್ ಟೀಚರ್ ತಂದುಕೊಟ್ಟದ್ದು, ಸಿಸ್ಟಂ ಡಿಸ್ಕ್ ಇಲ್ಲ ಎಂಬ ಸಾಲು ತೋರಿಸಿ ನಿಂತುಬಿಡುತ್ತಿತ್ತು, ವಿಂಡೋಸ್ ಮಾತ್ರ ಮತ್ತೆ ಹಾಕಿದ್ದೇನೆ, ಅವರ ಫೈಲುಗಳಿಗೆ ಕೈ ಹಚ್ಚಿಲ್ಲ ಎಂದು ಅವನು ಹೇಳಿದ. ಒಮ್ಮೆ ಸ್ಟಾರ್ಟ್ ಮಾಡಿ ನೋಡಿ ಕೊಟ್ಟುಬಿಡು ಎಂದ.

ನಾನು ಸ್ವಿಚ್ ಒತ್ತಿದೆ. ನೀಲಿ ಪರದೆ ಬಂತು. ಹಿಂದಿನ ಸಲ ಸರಿಯಾಗಿ ಮುಚ್ಚದೆ ಆರಿಸಿದ್ದಾರೆ, ಡಿಸ್ಕನ್ನು ತಪಾಸಣೆ ಮಾಡುತ್ತೇನೆ ಎಂದು ಅದು ತಾನೇ ಓಡತೊಡಗಿತು. ನಡುವೆ ನಿಂತು, ಇಂಥ ದೋಷವಿದೆ, ಸರಿಪಡಿಸಲೇ ಎಂದು ಕೇಳಿತು. ನಾನು ಹೌದು ಎನ್ನುವ ಕೀಲಿ ಒತ್ತಿದೆ. ದಿನಕ್ಕೆ ಹತ್ತು ಸಲ ಒತ್ತುತ್ತಿದ್ದ ಕೀಲಿ ಅದು.

ಮಧ್ಯಾಹ್ನ ಟೀಚರ್ ಬಂದರು. ಐವತ್ತು ದಾಟಿದ ಹೆಂಗಸು, ಹಣೆಯಲ್ಲಿ ವಿಭೂತಿ, ಕುತ್ತಿಗೆಗೆ ಮರೆತು ಹಾಗೇ ಹಾಕಿಕೊಂಡು ಬಂದಿದ್ದ ಅಳತೆ ಟೇಪು. ಶಿವಮೊಗ್ಗದ ಎಷ್ಟೋ ಹೆಂಗಸರು ಅವರ ಹತ್ತಿರ ಹೊಲಿಗೆ ಕಲಿತವರು. ಅವರೇ ಕುರ್ಚಿ ಎಳೆದು ಕೂತು ಮೌಸ್ ಹಿಡಿದರು. ಒಂದು ಕಡೆ ನೋಡಿದರು, ಇನ್ನೊಂದು ಕಡೆ ನೋಡಿದರು. ಆಮೇಲೆ ಕೇಳಿದರು, "ನನ್ನ ಪುಸ್ತಕ ಎಲ್ಲಿ?"

ಅದು ಕನ್ನಡದಲ್ಲಿ ಹೊಲಿಗೆ ಕಲಿಯುವವರಿಗಾಗಿ ಅವರು ಮೂರು ವರ್ಷದಿಂದ ಬರೆಯುತ್ತಿದ್ದ ಪುಸ್ತಕ. ರವಿಕೆಯ ಕಟಿಂಗಿನಿಂದ ಹಿಡಿದು ಶರ್ಟಿನ ಕಾಲರಿನವರೆಗೆ ಎಲ್ಲ ಅಳತೆಗಳು, ಮೌಸಿನಲ್ಲಿ ಗೆರೆ ಗೆರೆಯಾಗಿ ಎಳೆದ ಚಿತ್ರಗಳು. ಟೈಪ್ ಮಾಡಿದ ಮೇಲೆ ನೋಟ್ ಬುಕ್ಕುಗಳನ್ನು ರದ್ದಿಗೆ ಹಾಕಿದ್ದರು. ಬೇರೆ ಪ್ರತಿ ಇರಲಿಲ್ಲ.

ಅವನು ನನ್ನ ಕಡೆ ತಿರುಗಿದ. ಆ ತಿರುಗಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಕ್ಷಣವೂ ತಡವರಿಸಲಿಲ್ಲ.

"ಬೆಳಿಗ್ಗೆ ಇವಳ ಕೈಯಲ್ಲಿ ಕೊಟ್ಟಿದ್ದೆ ಮೇಡಂ. ಏನು ಒತ್ತಿದೆ ನೀನು?"

ತಪಾಸಣೆಗೆ ಹೌದು ಅಂತ ಒತ್ತಿದೆ ಎಂದೆ. ಅವನು ಹಣೆ ಹಣೆ ಚಚ್ಚಿಕೊಂಡ. ಟೀಚರ್ ಎದ್ದು ನಿಂತು ನನ್ನ ಬಲಗೈ ನೋಡುತ್ತ, "ನಿನ್ನ ಕೈ ಸೇದ್ಹೋಗ" ಎಂದರು. ಕಿರುಚಲಿಲ್ಲ. ಹೊಲಿಗೆಯ ಅಳತೆ ಹೇಳಿದಂತೆ ಹೇಳಿದರು. ಅವರ ಸಮಾಧಾನಕ್ಕೆ ಅವನು ಹೊಸ ಹಾರ್ಡ್ ಡಿಸ್ಕ್ ಹಾಕಿಕೊಡುವುದಾಗಿ ಹೇಳಿ, ನನಗೆ ನಾಳೆಯಿಂದ ಬರಬೇಡ ಎಂದ. ಹಳೆಯ ಡಿಸ್ಕ್ ಇಲ್ಲೇ ಬಿಡಿ ಎಂದರೆ ಟೀಚರ್ ಬಿಡಲಿಲ್ಲ, ನನ್ನ ಪುಸ್ತಕ ಅದರೊಳಗೇ ಇದೆ, ಕೊಡಿ ಎಂದು ಕಿತ್ತುಕೊಂಡರಂತೆ. ಅದು ಆಮೇಲೆ ಗೊತ್ತಾದದ್ದು. ನಾನು ಅಷ್ಟರಲ್ಲಿ ಟಿಫನ್ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದಿದ್ದೆ.

ಮನೆಯಲ್ಲಿ ಅಪ್ಪ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ಯಾಕೆ ಬೇಗ ಬಂದೆ ಎಂದು ಕೇಳಿದರು. ಹೇಳಿದೆ. ನಿಜವಾಗಿ ನಿನ್ನಿಂದಲೇ ಹೋಯಿತೇ ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ.

ನನ್ನನ್ನು ತಿಂದದ್ದು ಅದೇ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಗಟ್ಟಿಯಾಗಿ ಗೊತ್ತಿದ್ದರೆ ಬೈದುಕೊಂಡು ಮರೆಯಬಹುದಿತ್ತೇನೋ. ಆದರೆ ಆ ಕೀಲಿ ಒತ್ತಿದ್ದು ನಾನೇ. ಆ ತಪಾಸಣೆ ಪುಸ್ತಕವನ್ನು ನುಂಗಬಲ್ಲದೇ ಇಲ್ಲವೇ ಎಂದು ಹೇಳುವಷ್ಟು ವಿದ್ಯೆ ಆಗ ನನಗಿರಲಿಲ್ಲ. ಕೋಪ ಅವನ ಮೇಲೂ, ಟೀಚರ ಮೇಲೂ, ನನ್ನ ಬೆರಳಿನ ಮೇಲೂ. ಮುಂದೆ ಎರಡು ಅಂಗಡಿಗಳಲ್ಲಿ ಕೆಲಸ ಕೇಳಿದೆ. ಎರಡೂ ಕಡೆ ಆ ಸುದ್ದಿ ನನಗಿಂತ ಮೊದಲು ತಲುಪಿತ್ತು. ಟೀಚರ ಶಿಷ್ಯೆಯರು ಊರೆಲ್ಲ ಇದ್ದರು, ಅವರ ಬಾಯಲ್ಲಿ ನಾನು ಪುಸ್ತಕ ಹಾಳು ಮಾಡಿದ ಹುಡುಗಿ.

ಹಾಗಾಗಿ ಮನೆಯ ಮುಂದಿನ ಕೋಣೆಯಲ್ಲೇ ಮೇಜು ಹಾಕಿಕೊಂಡೆ. ಆಗ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡವರು ಮಕ್ಕಳಿಗೆ ಕಂಪ್ಯೂಟರ್ ಕೊಡಿಸುತ್ತಿದ್ದರು, ನ್ಯೂ ಟೌನಿನಲ್ಲಿ ಕೆಲಸಕ್ಕೆ ಬರವಿರಲಿಲ್ಲ. ಪಕ್ಕದ ಮನೆಯ ತಮಿಳು ಅಮ್ಮ ತಮ್ಮ ಸಂಘದ ಹೆಂಗಸರಿಗೆಲ್ಲ ನನ್ನ ಹೆಸರು ಹೇಳಿದರು. ಸ್ಟಾರ್ಟ್ ಆಗದೆ ನಿಂತ ಕಂಪ್ಯೂಟರುಗಳೇ ಹೆಚ್ಚು. ಹೆಚ್ಚಿನವಕ್ಕೆ ದೊಡ್ಡ ರೋಗವೇನೂ ಇರುತ್ತಿರಲಿಲ್ಲ. ಯಾರೋ ಫ್ಲಾಪಿ ತೆಗೆಯಲು ಮರೆತಿರುತ್ತಿದ್ದರು, ಕೇಬಲ್ ಸಡಿಲವಾಗಿರುತ್ತಿತ್ತು, ಇಲ್ಲವೇ ಸ್ಟಾರ್ಟ್ ಮಾಡುವ ಒಂದೆರಡು ಫೈಲು ಕೆಟ್ಟಿರುತ್ತಿತ್ತು. ಒಂದು ಫ್ಲಾಪಿ, ಒಂದು ಸಾಲಿನ ಆಜ್ಞೆ, ಮುಗಿಯಿತು. ಒಂದನ್ನೂ ನಾನು ಫಾರ್ಮ್ಯಾಟ್ ಮಾಡಲಿಲ್ಲ. ಪ್ರತಿಯೊಂದು ಡಿಸ್ಕ್ ಉಳಿದಾಗಲೂ ಅವನ ಮುಖ ನೆನೆದುಕೊಳ್ಳುತ್ತಿದ್ದೆ.

ಅಳಿಸಿಹೋದದ್ದನ್ನು ಮರಳಿ ತೆಗೆಯುವ ವಿದ್ಯೆ ಕಲಿತದ್ದೂ ಹಟಕ್ಕೇ. ಸೈಬರ್ ಕೆಫೆಯಲ್ಲಿ ಕೂತು ಓದಿದೆ, ಹಳೆಯ ಡಿಸ್ಕುಗಳನ್ನು ಬೇಕೆಂದೇ ಒರೆಸಿ ಮತ್ತೆ ಹುಡುಕಿದೆ. ಫಾರ್ಮ್ಯಾಟ್ ಮಾಡಿದರೆ ಎಲ್ಲ ಹೋಗುವುದಿಲ್ಲ ಎಂದು ಆಗ ತಿಳಿಯಿತು. ಯಾವುದು ಎಲ್ಲಿದೆ ಎಂಬ ಪಟ್ಟಿಯಷ್ಟೇ ಹೋಗುತ್ತದೆ. ಅದರ ಮೇಲೆ ಬೇರೆಯದು ಬಂದು ಕೂರುವವರೆಗೂ ಮಾಹಿತಿ ಇದ್ದಲ್ಲೇ ಇರುತ್ತದೆ. ಎರಡು ಮೂರು ವರ್ಷದಲ್ಲಿ, ಹೋದ ಫೈಲು ಸಿಗಬೇಕಾದರೆ ಭದ್ರಾವತಿಗೆ ಹೋಗಿ ಎನ್ನುವಷ್ಟು ಹೆಸರಾಯಿತು. ಮದುವೆಯ ಫೋಟೋ, ಅಂಕಪಟ್ಟಿ, ಸೊಸೈಟಿಯ ದಾಖಲೆ ಎಲ್ಲ ಬರುತ್ತಿದ್ದವು.

ನಾಲ್ಕನೆಯ ವರ್ಷ ಒಂದು ದಿನ ಬಾಗಿಲಲ್ಲಿ ಟೈಲರಿಂಗ್ ಟೀಚರ್ ನಿಂತಿದ್ದರು. ಕೈಯಲ್ಲಿ ಲೈನಿಂಗ್ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು.

ಅವರಿಗೆ ನನ್ನ ಗುರುತು ಸಿಗಲಿಲ್ಲ. ನನಗೆ ಕನ್ನಡಕ ಬಂದಿತ್ತು, ಸ್ವಲ್ಪ ದಪ್ಪಗಾಗಿದ್ದೆ, ಸೀರೆ ಉಟ್ಟಿದ್ದೆ. ಅವರು ನೋಡಿದ್ದು ಚೂಡಿದಾರದ ಹುಡುಗಿಯನ್ನು, ಅದೂ ಹತ್ತು ನಿಮಿಷ. ಅಂದಿನಿಂದ ಈ ಡಿಸ್ಕನ್ನು ಯಾವ ಕಂಪ್ಯೂಟರಿಗೂ ಜೋಡಿಸಿಲ್ಲ, ನೀವು ಹೋದದ್ದನ್ನು ತೆಗೆಯುತ್ತೀರಂತೆ, ನೋಡಿ ಎಂದರು. ನಾನು ಗಂಟು ತೆಗೆದುಕೊಂಡೆ. ವಾರ ಬಿಟ್ಟು ಬನ್ನಿ ಎಂದೆ.

ಮರುದಿನ ಸಂಜೆಯೊಳಗೇ ಪುಸ್ತಕ ಸಿಕ್ಕಿತು. ಮೊದಲು ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಸ. ಹಳೆಯ ಕನ್ನಡ ಫಾಂಟ್ ಹುಡುಕಿ ಹಾಕಿದ ಕೂಡಲೇ ಕಸವೆಲ್ಲ ಕನ್ನಡವಾಯಿತು. "ಎದೆಯ ಸುತ್ತಳತೆ ತೆಗೆಯುವಾಗ ಟೇಪನ್ನು ಬಿಗಿಯಾಗಿ ಎಳೆಯಬಾರದು" ಎಂಬುದು ನಾನು ಓದಿದ ಮೊದಲ ಸಾಲು. ಮಕ್ಕಳ ಲಂಗದ ಅಧ್ಯಾಯದ ಮೇಲೆ ವಿಂಡೋಸಿನ ಫೈಲುಗಳು ಕೂತು ಅದು ಹಾಳಾಗಿತ್ತು. ಮಿಕ್ಕದ್ದೆಲ್ಲ ಇತ್ತು, ಚಿತ್ರಗಳ ಸಮೇತ.

ನಾನು ಅದನ್ನು ಸೀಡಿಗೆ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ವಾರ ಬಿಟ್ಟು ಟೀಚರ್ ಬಂದರು. ಇನ್ನೂ ಹುಡುಕ್ತಾ ಇದೀನಿ, ಮುಂದಿನ ವಾರ ಬನ್ನಿ ಎಂದೆ. ಬಂದರು. ಕಷ್ಟ ಇದೆ ಎಂದೆ. ಅವರಿಗೆ ಮಂಡಿ ನೋವು, ನಮ್ಮ ಮನೆಯ ಮೂರು ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದರು. ಮಲವಗೊಪ್ಪದ ಹತ್ತಿರ ಬಸ್ಸು ಕೆಟ್ಟು ಬಿಸಿಲಲ್ಲಿ ನಿಂತು ಬಂದೆ ಎಂದು ಒಂದು ಸಲ ಹೇಳಿದರು. ನನಗೆ ಒಳಗೊಳಗೇ ತಂಪಾಯಿತು. ಅಮ್ಮನಿಗೆ ಎಲ್ಲ ಗೊತ್ತಿತ್ತು. ವಯಸ್ಸಾದವರು, ಕೊಟ್ಟು ಕಳಿಸೇ ಎಂದಳು. ನನ್ನನ್ನ ಕಳಿಸಿದ್ದು ನೆನಪಿದೆಯಾ ಎಂದು ಅಮ್ಮನ ಬಾಯಿ ಮುಚ್ಚಿಸಿದೆ.

ಮೂರನೆಯ ಸಲ ಬಂದಾಗ ಅಮ್ಮ ತಡೆಯಲಾರದೆ ಕಾಫಿ ಕೊಟ್ಟಳು. ಕಾಫಿ ಕುಡಿಯುತ್ತ ಟೀಚರ್ ಆ ಗುರುವಾರದ ಕತೆ ಹೇಳಿದರು. ಅಂಗಡಿಯಲ್ಲಿ ಒಂದು ಹುಡುಗಿ ಇತ್ತು, ಅದಕ್ಕೆ ಏನೂ ಬರುತ್ತಿರಲಿಲ್ಲ, ಏನೋ ಒತ್ತಿ ಎಲ್ಲ ಅಳಿಸಿಬಿಟ್ಟಿತು ಎಂದರು. ನನ್ನ ಎದುರಿಗೇ ನನ್ನನ್ನು ಅದು ಎಂದರು.

"ಇವತ್ತಿಗೂ ದೀಪ ಹಚ್ಚುವಾಗ ಅವಳಿಗೊಂದು ಶಾಪ ಹಾಕ್ತೀನಿ ಕಣಮ್ಮ," ಎಂದರು.

ಅವರು ಹೋದ ಮೇಲೆ ನಾನು ಆ ಡಿಸ್ಕನ್ನು ಮತ್ತೆ ಜೋಡಿಸಿದೆ. ಅಷ್ಟು ದಿನ ನಾನು ಪುಸ್ತಕವನ್ನು ಮಾತ್ರ ಹುಡುಕಿದ್ದೆ. ಯಾರು ಅಳಿಸಿದರು ಎಂದು ಹುಡುಕಿರಲಿಲ್ಲ. ಹೆದರಿಕೆಯಿತ್ತು ಅನ್ನಿಸುತ್ತದೆ, ಒಂದು ವೇಳೆ ನಾನೇ ಆಗಿದ್ದರೆ ಎಂದು.

ಕಂಪ್ಯೂಟರಿನಲ್ಲಿ ಪ್ರತಿ ಫೈಲಿಗೂ ಹುಟ್ಟಿದ ದಿನ, ಹೊತ್ತು ಬರೆದಿರುತ್ತದೆ. ಡಿಸ್ಕನ್ನು ಒರೆಸಿದ ಹೊತ್ತೂ ಅದರಲ್ಲಿ ಉಳಿಯುತ್ತದೆ. ಅದು ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ಫಾರ್ಮ್ಯಾಟ್ ಆಗಿತ್ತು. ವಿಂಡೋಸ್ ತುಂಬಿದ್ದು ಅದರ ಬೆನ್ನಿಗೇ. ಅಮ್ಮ ಹಳೆಯ ಕ್ಯಾಲೆಂಡರುಗಳನ್ನು ಬಿಸಾಡುತ್ತಿರಲಿಲ್ಲ. ಆ ವರ್ಷದ್ದನ್ನು ತೆಗೆದು ನೋಡಿದೆ. ಅದೇ ಮಂಗಳವಾರದ ಚೌಕದಲ್ಲಿ ಅಮ್ಮನ ಅಕ್ಷರದಲ್ಲಿ "ಇವರ ಕಣ್ಣು" ಎಂದು ಬರೆದಿತ್ತು. ಆ ಹನ್ನೆರಡೂವರೆಗೆ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಅಪ್ಪನ ಚಪ್ಪಲಿ ಕಾಯುತ್ತ ಕೂತಿದ್ದೆ.

ಇನ್ನೂ ಒಂದು ಸಿಕ್ಕಿತು. ನೀಲಿ ಪರದೆಯ ತಪಾಸಣೆ ತಾನು ಮಾಡಿದ್ದನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಡುತ್ತದೆ. ಗುರುವಾರ, ಬೆಳಿಗ್ಗೆ ಹತ್ತೂ ನಲವತ್ತು. ಎರಡು ಬಿಡಿ ತುಣುಕುಗಳನ್ನು ಒಟ್ಟು ಮಾಡಿ ಒಂದು ಕಡೆ ಇಟ್ಟಿದ್ದೇನೆ ಎಂದಷ್ಟೇ ಅದರಲ್ಲಿತ್ತು. ನನ್ನ ಬೆರಳು ಮಾಡಿದ್ದು ಅಷ್ಟೇ.

ನಾನು ಅಡಿಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಹೇಳುವಾಗ ಅಳು ಬಂತು. ಅಪ್ಪ ಪೇಪರ್ ಮಡಿಸಿಟ್ಟು ಎದ್ದು ಬಂದರು, ಆ ದಿನ, ಹೊತ್ತುಗಳನ್ನು ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿಸಿ ಎರಡು ಸಲ ಓದಿದರು. ಅಳು ನಿಂತ ಮೇಲೆ ನನಗೆ ಬಂದದ್ದು ನೆಮ್ಮದಿಯಲ್ಲ. ಅವನಿಗೆ ಮಂಗಳವಾರವೇ ಗೊತ್ತಿತ್ತು. ಗೊತ್ತಿದ್ದೇ ಗುರುವಾರ ಆ ಕಂಪ್ಯೂಟರನ್ನು ನನ್ನ ಮೇಜಿನ ಮೇಲಿಟ್ಟು ಕಾದಿದ್ದ. ನಾಲ್ಕು ವರ್ಷ ನಾನು ಅವನ ಮೇಲೆ ಇಟ್ಟಿದ್ದ ಕೋಪ ಎಷ್ಟು ಸಣ್ಣದು ಎಂದು ಆಗ ಗೊತ್ತಾಯಿತು.

ನಾಲ್ಕನೆಯ ಸಲ ಟೀಚರ್ ಬಂದಾಗ ಕೂರಿಸಿ, ಮೊದಲು ಪುಸ್ತಕ ತೋರಿಸಿದೆ. ಅವರು ಪರದೆಗೆ ಮುಖ ಹತ್ತಿರ ತಂದು ಒಂದೊಂದೇ ಚಿತ್ರ ನೋಡಿದರು. ಕೈಯಿಂದ ಗಾಜನ್ನು ಸವರಿದರು. ಅವರು ನೋಡಿ ಮುಗಿಸುವವರೆಗೆ ಬಿಟ್ಟು, ಹಾಳೆ ಕೊಟ್ಟೆ. ದಿನ, ಹೊತ್ತು, ಕ್ಯಾಲೆಂಡರ್ ಎಲ್ಲ ಬಿಡಿಸಿ ಹೇಳಿದೆ.

"ಆ ಹುಡುಗಿ ನಾನೇ ಮೇಡಂ," ಎಂದೆ.

ಅವರು ನನ್ನ ಮುಖ ನೋಡಿದರು, ಆಮೇಲೆ ನನ್ನ ಬಲಗೈ ನೋಡಿದರು. ಕ್ಷಮೆ ಕೇಳುತ್ತಾರೆ ಎಂದು ಕಾದೆ. ಅವರು ಹಾಳೆ ಮಡಿಸಿ ಬ್ಯಾಗಿಗೆ ಹಾಕಿಕೊಂಡು, "ಏಳು, ಬಸ್ಸಿಗೆ ಹೊತ್ತಾಗ್ತದೆ" ಎಂದರು.

ಶಿವಮೊಗ್ಗದ ಬಸ್ಸಿನಲ್ಲಿ ಪಕ್ಕಪಕ್ಕ ಕೂತಿದ್ದೆವು. ಅರ್ಧ ದಾರಿಗೆ ಅವರು ಕೇಳಿದರು, "ಪುಸ್ತಕ ಸಿಕ್ಕಿ ಎಷ್ಟು ದಿನ ಆಯ್ತು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನೀವು ಮೊದಲು ಬಂದ ಮಾರನೇ ದಿನವೇ."

"ಬೇಕಂತಲೇ ಓಡಾಡಿಸಿದೆ."

"ಹೂಂ."

ಅವರು ಕಿಟಕಿಯ ಹೊರಗೆ ನೋಡುತ್ತ ಮಂಡಿ ಒತ್ತಿಕೊಂಡರು. "ನಿನ್ನಂಥ ಹುಡುಗಿ ಹತ್ರ ಕಚ್ಚಾಡೋದು ಕಷ್ಟ ಮಾರಾಯ್ತಿ," ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಅವನ ಅಂಗಡಿ ದೊಡ್ಡದಾಗಿತ್ತು. ಗಾಜಿನ ಬಾಗಿಲು, ಗಿರಾಕಿಗಳಿಗೆ ಸೋಫಾ. ಐದಾರು ಜನ ಇದ್ದರು. ಅವನು ಟೀಚರನ್ನು ಗುರುತು ಹಿಡಿದು ನಗುತ್ತ ಎದ್ದ. ನನ್ನನ್ನು ಗುರುತು ಹಿಡಿದಾಗ ನಗು ಅಲ್ಲೇ ನಿಂತಿತು. ಟೀಚರ್ ಹಾಳೆಯನ್ನು ಗಾಜಿನ ಮೇಜಿನ ಮೇಲಿಟ್ಟರು. ನಾನು ಮಾತಾಡಿದೆ. ನಡುಗದೆ ಮಾತಾಡಲು ನಾಲ್ಕು ವರ್ಷ ಅಭ್ಯಾಸ ಮಾಡಿದ್ದೆ, ಆದರೂ ಮೊದಲ ಸಾಲಿಗೆ ಧ್ವನಿ ನಡುಗಿತು.

ಕಂಪ್ಯೂಟರಿನ ಗಡಿಯಾರ ಎಷ್ಟೋ ಸಲ ತಪ್ಪು ತೋರಿಸುತ್ತದೆ, ಅದನ್ನು ನಂಬಲಾಗದು ಎಂದು ಅವನು ಹೇಳಿದ. ಈ ಮಾತು ಬರುತ್ತದೆ ಎಂದು ನನಗೆ ಗೊತ್ತಿತ್ತು. ಹಾಗಾದರೆ ನನ್ನ ತಪಾಸಣೆಯ ಹೊತ್ತು ನೋಡಿ, ಗುರುವಾರ ಹತ್ತೂ ನಲವತ್ತು, ಗುರುವಾರ ಬೆಳಿಗ್ಗೆ ನನ್ನ ಕೈಗೆ ಕೊಟ್ಟೆ ಅಂತ ನೀವೇ ಎಲ್ಲರೆದುರು ಹೇಳಿದ್ದು, ಅದು ಸರಿಯಿದ್ದರೆ ಮಂಗಳವಾರವೂ ಸರಿ ಎಂದೆ. ಅವನು ಹಾಳೆಯನ್ನು ಮತ್ತೆ ಓದಿದ. ಓದುವ ಹಾಗೆ ಮಾಡಿದ. ಒಳಗಿನ ಕೋಣೆಯ ಕಡೆ ಕೈ ತೋರಿಸಿ, ಬಾ, ಒಳಗೆ ಮಾತಾಡೋಣ ಎಂದ.

"ನನ್ನನ್ನ ಹೊರಗೆ ಹಾಕಿದ್ದು ಇಲ್ಲಿ ನಿಂತು," ಎಂದೆ. "ಇಲ್ಲೇ ಹೇಳಿ."

ಅವನು ಟೀಚರ ಕಡೆ ನೋಡಿದ. ಅವರು ಕೈಚೀಲ ತೊಡೆಯ ಮೇಲಿಟ್ಟುಕೊಂಡು ಸೋಫಾದ ಮೇಲೆ ಕೂತುಬಿಟ್ಟಿದ್ದರು. ಕೊನೆಗೆ ಅವನು ತಲೆ ತಗ್ಗಿಸಿ, ಅವತ್ತು ಅರ್ಜೆಂಟಿನಲ್ಲಿ ನನ್ನಿಂದಲೇ ಆಗಿಹೋಯಿತು ಎಂದು ಗೊಣಗಿದ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಗಿರಾಕಿಯೊಬ್ಬರು, ಏನಂದ್ರು, ಕೇಳಿಸಲಿಲ್ಲ ಎಂದರು. ಅವರಿಗೆ ಕಿವಿ ಮಂದವಿತ್ತೋ ಏನೋ. ಅವನು ಇನ್ನೊಂದು ಸಲ, ಗಟ್ಟಿಯಾಗಿ ಹೇಳಬೇಕಾಯಿತು.

ಆ ಎರಡನೆಯ ಸಲದ ಮಾತು ನನ್ನ ಬದುಕಿನಲ್ಲಿ ನಾನು ಕೇಳಿದ ಸಿಹಿಯಾದ ಮಾತುಗಳಲ್ಲಿ ಒಂದು. ಹಾಗೆ ಬರೆಯಲು ನನಗೆ ನಾಚಿಕೆಯಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ನ್ಯಾಯ ಎನ್ನಿಸಿಕೊಳ್ಳುತ್ತಿತ್ತು. ನಾನು ಬಿಡಲಿಲ್ಲ. ಅವನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಎರಡು ಶಾಲೆ, ಒಂದು ಆಸ್ಪತ್ರೆ ನನಗೆ ಗೊತ್ತಿದ್ದವು. ಮೂರು ಕಡೆಗೂ ಆ ಹಾಳೆಯ ಪ್ರತಿ ಹಿಡಿದು ಹೋದೆ. ಕೇಳಿದವರಿಗೆ ತೋರಿಸಿದೆ, ಕೇಳದವರಿಗೂ ತೋರಿಸಿದೆ. ನನ್ನ ಕತೆಯನ್ನು ಊರೆಲ್ಲ ಹಂಚಿದ್ದ ಟೀಚರ ಶಿಷ್ಯೆಯರು ಈಗ ಅವನ ಕತೆಯನ್ನು ಅಷ್ಟೇ ಉತ್ಸಾಹದಿಂದ ಹಂಚಿದರು. ಮೂರರಲ್ಲಿ ಎರಡು ಕೆಲಸ ನನಗೇ ಬಂದವು. ಎರಡು ವರ್ಷದೊಳಗೆ ಗಾಜಿನ ಬಾಗಿಲಿನ ಅಂಗಡಿ ಮುಚ್ಚಿತು. ಶಿವಮೊಗ್ಗಕ್ಕೆ ಹೋದಾಗಲೆಲ್ಲ, ದಾರಿಯಲ್ಲದಿದ್ದರೂ ಸುತ್ತಿಕೊಂಡು ಆ ಅಡ್ಡರಸ್ತೆಗೆ ಹೋಗಿ ಮುಚ್ಚಿದ ಶಟರ್ ನೋಡಿ ಬರುತ್ತಿದ್ದೆ.

ಆ ನಡುವೆ ಟೀಚರ್ ಹಾಳಾದ ಅಧ್ಯಾಯ ಬರೆಸಲು ನಮ್ಮ ಮನೆಗೇ ಬಂದರು. ಅವರು ಹೇಳುತ್ತ ಹೋದರು, ನಾನು ಟೈಪ್ ಮಾಡಿದೆ. ತಪ್ಪಾದರೆ ಬೆನ್ನಿಗೆ ಅಳತೆ ಪಟ್ಟಿಯಿಂದ ತಟ್ಟುತ್ತಿದ್ದರು. ಕ್ಷಮೆ ಮಾತ್ರ ಕೊನೆಯವರೆಗೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅಂಗಡಿ ಮುಚ್ಚಿದ ಮೇಲೆ ಒಂದು ಮಧ್ಯಾಹ್ನ ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ನನ್ನ ಹತ್ತಿರ ಬಂದು ತಾನು ಅವನ ಹೆಂಡತಿ ಎಂದಳು. ಅಂಗಡಿಗೆ ಹಬ್ಬದ ದಿನ ಬರುತ್ತಿದ್ದವಳು, ನನಗೂ ಒಂದು ಸಲ ಹೋಳಿಗೆ ಕೊಟ್ಟಿದ್ದಳು. ಈಗ ಮಲವಗೊಪ್ಪದಲ್ಲಿ ಸಣ್ಣ ಮನೆ ಮಾಡಿದ್ದೇವೆ, ಅವರು ಮನೆಯಿಂದಲೇ ಏನೋ ಕೆಲಸ ಹುಡುಕುತ್ತಿದ್ದಾರೆ, ಅಲ್ಲಿಗೂ ನಿಮ್ಮ ಹಾಳೆ ಬಂದಿದೆ ಎಂದಳು.

"ಸಾಕು ಮಾಡಿ," ಎಂದಳು. "ಅವರು ಮಾಡಿದ್ದು ತಪ್ಪೇ. ನಾನೇನು ಮಾಡಿದ್ದೆ?"

ನಾನೂ ಏನೂ ಮಾಡಿರಲಿಲ್ಲವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡಿದೆ ಕೂಡ. ಶಿವಮೊಗ್ಗದ ಬಸ್ಸು ಬಂತು, ಜನರ ನಡುವೆ ನುಗ್ಗಿ ಹತ್ತಿ ಹೋದಳು. ನಾನು ಇನ್ನೊಂದು ಬಸ್ಸಿಗೆ ಕಾಯುವೆನೆಂದು ಅಲ್ಲೇ ನಿಂತೆ, ಅದೇ ಬಸ್ಸಿನಲ್ಲಿ ಅವಳ ಜೊತೆ ಹೋಗಲು ಆಗಲಿಲ್ಲ.

ಅವತ್ತಿನಿಂದ ಯಾರಿಗೂ ಆ ಹಾಳೆ ತೋರಿಸಿಲ್ಲ. ಅವನನ್ನು ಕ್ಷಮಿಸಿದ್ದೇನೆಯೇ ಎಂದು ಅಪ್ಪ ಒಮ್ಮೆ ಕೇಳಿದರು. ಇಲ್ಲ ಎಂದೆ. ಅಪ್ಪ ಸರಿ ಎಂದು ಪೇಪರ್ ತೆಗೆದುಕೊಂಡರು.